ಬೀಟ್‌ರೂಟ್ ಪೆಟ್ಟಿಗೆಯ ಮೇಲೆ ಕೂತವರು

ಕಳೆದ ತಿಂಗಳು ಕೋಲಾರದ ಕಡೆಯಿಂದ ಒಂದು ಕಾರ್ಡು ಬಂತು. ನಮ್ಮ ಶಾಲೆಯಲ್ಲಿ ತೋಟದ ಕೆಲಸ ಕಲಿಸುತ್ತಿದ್ದ ಮೇಷ್ಟ್ರು ತೀರಿಕೊಂಡರೆಂದು ಅವರ ತಮ್ಮನ ಮಗ ಬರೆದಿದ್ದ. ನಿವೃತ್ತರಾಗಿ ಊರಿಗೆ ಹೋಗಿ ಎರಡು ವರ್ಷವೂ ಆಗಿರಲಿಲ್ಲ. ಕಾರ್ಡಿನಲ್ಲಿ ಮೊದಲೆರಡು ಸಾಲು ಸಾವಿನ ಸುದ್ದಿ. ಉಳಿದದ್ದು ಹೀಗಿತ್ತು: 'ದೊಡ್ಡಪ್ಪನವರ ಮಂಚದ ಕೆಳಗೆ ಮರಳು ತುಂಬಿದ ಪೆಟ್ಟಿಗೆ ಇದೆ. ಏನು ಮಾಡಬೇಕೋ ತಿಳಿಯದು. ತಮಗೆ ಗೊತ್ತಿರಬಹುದು.'

ಕಾರ್ಡು ಹಿಡಿದು ಎದ್ದು ನಿಂತೆ. ಯಾಕೆ ಹಾಗೆ ಕಾಲು ಅಗಲಿಸಿ ನಿಂತಿದ್ದೀರಿ ಎಂದು ಹೆಂಡತಿ ಕೇಳಿದಳು. ನನಗೆ ಗೊತ್ತೇ ಆಗಿರಲಿಲ್ಲ. ಮೂರು ವರ್ಷದಿಂದ ನನ್ನ ಕಾಲುಗಳು ನನ್ನನ್ನು ಕೇಳದೆ ಹೀಗೆ ಮಾಡುತ್ತವೆ. ಬಸ್ಸಿನಲ್ಲಿ ಎಲ್ಲರೂ ಒಂದೇ ಕಿಟಕಿಯ ಕಡೆ ಬಾಗಿ ಏನನ್ನಾದರೂ ನೋಡಿದರೆ ನಾನು ಎದುರು ಬದಿಯ ಕಂಬಿ ಹಿಡಿಯುತ್ತೇನೆ. ತರಗತಿಯಲ್ಲಿ ಮಕ್ಕಳು ಮಂಗ ಬಂತೆಂದು ಕಿಟಕಿಗೆ ಮುಗಿಬಿದ್ದರೆ 'ಅರ್ಧ ಜನ ಈ ಕಡೆ ಬನ್ನಿ' ಎಂದು ಕೂಗುತ್ತೇನೆ. ನೆಲದ ಮೇಲೆ ಕಟ್ಟಿದ ಶಾಲೆ ಮಗುಚುವುದಿಲ್ಲವೆಂದು ಬಿ.ಎಸ್ಸಿ. ಓದಿದ ನನಗೆ ಗೊತ್ತು. ಕೂಗಿದ ಮೇಲೆ ಗೊತ್ತಾಗುತ್ತದೆ.

ಮೇಷ್ಟ್ರ ಹೆಸರು ಬರೆಯುವುದಿಲ್ಲ. ಅವರು ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದರು, ತಾವು ಇರುವ ತನಕ ಆ ವಿಷಯ ಯಾರಿಗೂ ಹೇಳಬಾರದೆಂದು. ಇರುವ ತನಕ ಹೇಳಲಿಲ್ಲ. ಈಗ ಹೆಸರು ಬಿಟ್ಟು ಹೇಳಿದರೆ ಮಾತು ಅರ್ಧವಾದರೂ ಉಳಿದ ಹಾಗೆ.

ಸಣ್ಣ ಆಳು. ಎಲ್ಲ ಕಾಲಕ್ಕೂ ಒಂದೇ ಕರಿ ಕೋಟು. ಕೋಟಿನ ಎರಡೂ ಜೇಬು ಜೋತುಬಿದ್ದಿರುತ್ತಿದ್ದವು, ಯಾಕೆಂದರೆ ಎರಡರಲ್ಲೂ ಒಂದೊಂದು ಬೀಟ್‌ರೂಟ್. ಯಾರಿಗಾದರೂ ತೋರಿಸಬೇಕಾದರೆ ಕೈಗೆ ಸಿಗಲಿ ಎಂದು. ತೋರಿಸುವುದಕ್ಕೆ ಒಂದು ಸಾಲದೇ ಎಂದು ನಾನು ಮೊದಲ ದಿನ ಕೇಳಿದೆ. "ಒಂದೇ ಕಡೆ ಇಟ್ಟರೆ ಕೋಟು ವಾಲತ್ತೆ ಕಣ್ರೀ" ಎಂದರು. ನನ್ನನ್ನು ಅವರು ಬಿಎಸ್ಸಿ ಎಂದೇ ಕರೆಯುತ್ತಿದ್ದದ್ದು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ನನಗೆ ಇಂದಿಗೂ ತೂಗಲು ಬಂದಿಲ್ಲ.

ನಮ್ಮ ಶಾಲೆ ಇದ್ದದ್ದು ಶರಾವತಿಯ ಆಚೆ ದಡದಲ್ಲಿ. ಅಣೆಕಟ್ಟಿನ ನೀರು ನಿಂತು ಆಗ ಎರಡು ವರ್ಷವಾಗಿತ್ತು. ಬೇಸಿಗೆಯಲ್ಲಿ ಪಂಚೆ ಎತ್ತಿ ದಾಟುತ್ತಿದ್ದ ಹೊಳೆ ಕಣ್ಣಿಗೆ ದಡ ಸಿಗದಷ್ಟು ಹರಡಿಕೊಂಡಿತ್ತು. ಸಾಗರಕ್ಕೆ ಹೋಗಬೇಕೆಂದರೆ ದೊಡ್ಡ ದೋಣಿ ಹತ್ತಿ ಹೊಳೆಬಾಗಿಲಿಗೆ ಬರಬೇಕು, ಅಲ್ಲಿಂದ ಬಸ್ಸು. ಮೇಷ್ಟ್ರೂ ನಾನೂ ಶಾಲೆಯ ಪಕ್ಕ ಎರಡು ಕೋಣೆಯ ಒಂದು ಮನೆಯಲ್ಲಿ ಇದ್ದೆವು. ಅವರಿಗೆ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ನನಗೆ ಇನ್ನೂ ಮದುವೆಯಾಗಿರಲಿಲ್ಲ. ಅಡಿಗೆ ಅವರದು. ಅಂದರೆ ಬೀಟ್‌ರೂಟಿನದು.

ಆ ಸೀಮೆಯಲ್ಲಿ ಬೀಟ್‌ರೂಟನ್ನು ಯಾರೂ ತಿನ್ನುತ್ತಿರಲಿಲ್ಲ. ಇಂಗ್ಲಿಷ್ ತರಕಾರಿ, ಕೊಯ್ದರೆ ರಕ್ತ ಬರುತ್ತದೆ, ಅಷ್ಟು ಸಾಕಿತ್ತು. ಕೆಂಪುಗಡ್ಡೆ ಎಂದು ಕರೆದು ದೂರದಿಂದ ನೋಡುತ್ತಿದ್ದರು. ಮೇಷ್ಟ್ರು ಪ್ರತಿ ಚಳಿಗಾಲ ಶಾಲೆಯ ಹಿಂದೆ ನಾಲ್ಕು ಮಡಿ ಬೀಟ್‌ರೂಟ್ ಹಾಕಿಸುತ್ತಿದ್ದರು. ಮಕ್ಕಳು ಬೆಳೆಯುವರು, ಕೀಳುವರು, ಮನೆಗೆ ಒಯ್ಯಲು ಮಾತ್ರ ಒಬ್ಬರೂ ಒಪ್ಪರು. ಇಳುವರಿಯಷ್ಟೂ ನಮ್ಮ ಮನೆಗೆ ಬರುತ್ತಿತ್ತು. ಎಂದಾದರೊಂದು ದಿನ ಈ ಊರಿನವನೊಬ್ಬ ಎಲೆಯ ಮುಂದೆ ಕೂತು ಎರಡನೇ ಸಲ ಬಡಿಸಿಕೊಳ್ಳಬೇಕು, ಅದನ್ನು ನೋಡಿ ನಿವೃತ್ತನಾಗಬೇಕು ಎನ್ನುವುದು ಅವರ ಜೀವನದ ಆಸೆಯಾಗಿತ್ತು. ಇದನ್ನು ಅವರು ನಗದೆ ಹೇಳುತ್ತಿದ್ದರು.

ನಮ್ಮ ಬೆಳೆ ಬರುವ ಮೊದಲು ಅವರು ನನ್ನನ್ನು ಸಾಗರದ ಸಂತೆಗೆ ಕರೆದುಕೊಂಡು ಹೋಗಿ ಗಡ್ಡೆ ಆರಿಸುವುದನ್ನು ಕಲಿಸಿದರು. ಮುಷ್ಟಿಗಿಂತ ದೊಡ್ಡದು ಬೇಡ, ಒಳಗೆ ಬೆಂಡು. ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಸದ್ದು ಬರಬೇಕು. ಬಾಲ ಇಲಿಬಾಲದ ಹಾಗೆ ಸಣ್ಣಗೆ, ಒಂದೇ ಇರಬೇಕು. ಸುತ್ತ ಗಡ್ಡ ಬಿಟ್ಟಿದ್ದರೆ ನಾರು. ಸೊಪ್ಪು ನೆಟ್ಟಗೆ ನಿಂತಿದ್ದರೆ ಕಿತ್ತದ್ದು ಯಾವಾಗ ಎಂದು ಅಂಗಡಿಯವನನ್ನು ಕೇಳುವ ಅಗತ್ಯವೇ ಇಲ್ಲ. ಒಂದು ಸಲ ಸಂತೆಯಲ್ಲಿ ಹೆಡ್ ಮಾಸ್ಟರು ಸಿಕ್ಕರು. ನನ್ನ ಮುಷ್ಟಿ ಚಿಕ್ಕದು, ಬಿಎಸ್ಸಿಯದು ದೊಡ್ಡದು, ತಮ್ಮದು ಸರಿಯಾದ ಅಳತೆ ಇರಬಹುದು, ಸ್ವಲ್ಪ ಕೈ ಮುಚ್ಚಿ ಎಂದು ಮೇಷ್ಟ್ರು ಅವರನ್ನು ಬಾಳೆಕಾಯಿ ರಾಶಿಯ ಪಕ್ಕ ನಿಲ್ಲಿಸಿಕೊಂಡರು. ಹೆಡ್ ಮಾಸ್ಟರು ಮುಷ್ಟಿ ಹಿಡಿದು ನಿಂತದ್ದನ್ನು ನೋಡಿ ಸಂತೆಗೆ ಬಂದ ಶಾಲೆಯ ಹುಡುಗರು ದಿಕ್ಕಾಪಾಲಾದರು.

ಮನುಷ್ಯರನ್ನು ಅಳೆಯುವುದಕ್ಕೂ ಅವರಿಗೆ ಬೇರೆ ಕೋಲು ಇರಲಿಲ್ಲ. ಹೆಡ್ ಮಾಸ್ಟರು ಸೊಪ್ಪು ಜಾಸ್ತಿ, ಗಡ್ಡೆ ಸಣ್ಣದು. ಶಾಲಾ ಇನ್‌ಸ್ಪೆಕ್ಟರು ಹೊರಗೆ ನುಣುಪು, ತಟ್ಟಿದರೆ ಪೊಳ್ಳು. ನನ್ನ ಬಗ್ಗೆ ಕೇಳಿದಾಗ ಸ್ವಲ್ಪ ಯೋಚಿಸಿ, "ನೀವು ಒಳ್ಳೇ ಗಡ್ಡೆಯೇ. ಬೆಂದಿಲ್ಲ ಅಷ್ಟೇ" ಎಂದಿದ್ದರು.

ಇಡುವ ಕ್ರಮ ಇನ್ನೊಂದು ಶಾಸ್ತ್ರ. ಸೊಪ್ಪನ್ನು ಚಾಕುವಿನಿಂದ ಕತ್ತರಿಸಬಾರದು, ಎರಡು ಬೆರಳು ದಂಟು ಬಿಟ್ಟು ಕೈಯಲ್ಲಿ ತಿರುಚಿ ತೆಗೆಯಬೇಕು. ತೊಳೆಯಬಾರದು. ಬಾಲ ಮುಟ್ಟಬಾರದು. ಹಳ್ಳದ ಮರಳನ್ನು ಒಣಗಿಸಿ, ಮೇಲೆ ಚೂರು ನೀರು ಚಿಮುಕಿಸಿ, ಮರದ ಪೆಟ್ಟಿಗೆಯಲ್ಲಿ ಒಂದು ಪದರ ಮರಳು, ಒಂದು ಪದರ ಗಡ್ಡೆ. ಒಂದು ಗಡ್ಡೆ ಇನ್ನೊಂದನ್ನು ತಾಗಬಾರದು; ಒಂದು ಕೊಳೆತರೆ ಅದು ಪಕ್ಕದ್ದನ್ನು ಹಿಡಿಯುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ತಂಪು ಜಾಗ ನನ್ನ ಮಂಚದ ಕೆಳಗೆ ಎಂದು ಅವರು ಕಂಡುಹಿಡಿದರು. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ಮೂರು ಚಳಿಗಾಲ ನಾನು ಇನ್ನೂರು ಬೀಟ್‌ರೂಟುಗಳ ಮೇಲೆ ಮಲಗಿದ್ದೇನೆ. ಮಗ್ಗುಲಾಗುವಾಗ ನಿಧಾನ ಎಂದು ಆಚೆ ಕೋಣೆಯಿಂದ ದನಿ ಬರುತ್ತಿತ್ತು. ಒಂದನ್ನೊಂದು ಮುಟ್ಟದ ಗಡ್ಡೆಗಳ ಸುದ್ದಿ ಊರಿಗೆ ಹೋದಾಗ ಮಾತ್ರ ಕೆಲವರು ತಲೆದೂಗಿದರಂತೆ, ಕೆಂಪಾದರೂ ಮಡಿ ಇಟ್ಟುಕೊಂಡಿದಾವೆ ಎಂದು.

ಬೇಯಿಸುವುದು ಸಿಪ್ಪೆ ಸಮೇತ, ಬಾಲ ಸಮೇತ, ಇಡಿಯಾಗಿ. ಬೆಂದಿದೆಯೇ ಎಂದು ಚುಚ್ಚಿ ನೋಡಿದರೆ ಬಣ್ಣವೆಲ್ಲ ನೀರಿಗೆ ಹೋಗುತ್ತದೆ. ಹೆಬ್ಬೆರಳಿನಿಂದ ಒತ್ತಬೇಕು, ಸಿಪ್ಪೆ ಜಾರಿದರೆ ಬೆಂದಿತು. ಹೀಗಾಗಿ ಅವರ ಬಲ ಹೆಬ್ಬೆರಳು ಸದಾ ಸುಟ್ಟಿರುತ್ತಿತ್ತು. ತಣ್ಣೀರಿನಲ್ಲಿ ಉಜ್ಜಿ ಸಿಪ್ಪೆ ತೆಗೆದು, ಹೆಚ್ಚಿ, ಸಾಸಿವೆ ಕರಿಬೇವಿನ ಒಗ್ಗರಣೆ, ಕಾಯಿತುರಿ, ಕೊನೆಗೆ ನಿಂಬೆಹುಳಿ. ಹುಳಿ ಬಿದ್ದರೆ ಬಣ್ಣ ನಿಲ್ಲುತ್ತದೆ ಎನ್ನುವುದು ಅವರ ನಂಬಿಕೆ. ಎಲ್ಲಿಯ ತನಕ ನಿಲ್ಲುತ್ತದೆ ಎಂದು ಮಾತ್ರ ಹೇಳಿರಲಿಲ್ಲ.

ಅದನ್ನು ನಾನೇ ಕಂಡುಕೊಂಡೆ, ಅವರ ಮನೆಗೆ ಹೋದ ಮೂರನೇ ಬೆಳಿಗ್ಗೆ, ಬಯಲಿಗೆ ಹೋದಾಗ. ಕೆಂಪು. ಅಲ್ಲಿಯೇ ಕೂತು ತಾಯಿಗೆ ಬರೆಯಬೇಕಾದ ಕಾಗದವನ್ನು ಮನಸ್ಸಿನಲ್ಲಿ ಬರೆದು ಮುಗಿಸಿದೆ. ಮನೆಗೆ ಬಂದು ತಡೆಯಲಾರದೆ ಹೇಳಿದಾಗ ಮೇಷ್ಟ್ರ ಮುಖ ಅರಳಿತು. ಗಡ್ಡೆಯ ಬಣ್ಣ ಅದು, ಏನೂ ಅಪಾಯವಿಲ್ಲ, ಕೆಲವರಿಗೆ ಹಾಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದರು. ನಿಮಗೆ ಎಂದು ನಾನು ಕೇಳಲಿಲ್ಲ. ಅಂಥ ಪ್ರಶ್ನೆಯನ್ನು ಹಿರಿಯರಿಗೆ ಕೇಳುವುದು ಹೇಗೆ?

ಇಷ್ಟು ಗೊತ್ತಿದ್ದವನು ನಾನು. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದಬೇಕು.

ಗೌರಿ ನಮ್ಮ ಶಾಲೆಯಲ್ಲಿ ಏಳನೆಯ ತರಗತಿಯ ತನಕ ಓದಿ ಬಿಟ್ಟವಳು. ಬಿಟ್ಟ ಮೇಲೂ ಶಾಲೆಯ ತೋಟಕ್ಕೆ ಬಂದು ಮಡಿಗೆ ಮಣ್ಣೇರಿಸಿ ಹೋಗುತ್ತಿದ್ದಳು. ಅವಳ ಅಪ್ಪ ತಿಮ್ಮಣ್ಣ ಮೊದಲು ಗೇಣಿಗೆ ಗದ್ದೆ ಮಾಡುತ್ತಿದ್ದವನು. ಆ ಗದ್ದೆ ನೀರಿನಡಿ ಹೋಗಿ, ದಡದ ಮೇಲೆ ಹೊಸ ಜಾಗದಲ್ಲಿ ಆಗಷ್ಟೇ ಬೇರು ಬಿಡುತ್ತಿದ್ದ. ಮಾಘದಲ್ಲಿ ಗೌರಿಯ ಮದುವೆ ನಿಶ್ಚಯವಾಯಿತು. ಗಂಡು ತೀರ್ಥಹಳ್ಳಿಯ ಕಡೆಯವನು. ಮದುವೆಯ ಹಿಂದಿನ ದಿನ ತರಕಾರಿ ತರಲು ತಿಮ್ಮಣ್ಣ ಸಾಗರಕ್ಕೆ ಕಳಿಸಿದ್ದ ಆಳು ಕಡೆಯ ದೋಣಿ ತಪ್ಪಿಸಿಕೊಂಡು ಹೊಳೆಬಾಗಿಲಿನಲ್ಲೇ ಉಳಿದ. ತಿಮ್ಮಣ್ಣ ನಮ್ಮ ಬಾಗಿಲಿಗೆ ಬಂದು, ಒಳಗೆ ಬರದೆ, ಚಪ್ಪರದ ಕಂಬದ ಹಾಗೆ ನಿಂತ.

"ಎಂತ ಮಾಡೂದು ಮೇಷ್ಟ್ರೇ, ಪಲ್ಯಕ್ಕೆ ಎಂತದೂ ಇಲ್ಲ. ನಿಮ್ಮ ಆ ಗಡ್ಡೆ ಎಷ್ಟಿದಾವೆ?"

ಮೇಷ್ಟ್ರು ನನ್ನ ಕೋಣೆಗೆ ಬಂದು, ಮಂಚದ ಕೆಳಗೆ ತಲೆ ಹಾಕಿ, ಸುಮಾರು ಹೊತ್ತು ಹೊರಗೆ ಬರಲಿಲ್ಲ. ಎಣಿಸುತ್ತಿದ್ದಾರೆಂದು ನಾನು ತಿಳಿದೆ. ಹೊರಬಂದಾಗ ಕಣ್ಣು ಕೆಂಪಾಗಿತ್ತು, ಮೂಗಿನ ಮೇಲೆ ಮರಳಿತ್ತು.

ಗಡ್ಡೆ ಹೊತ್ತುಕೊಂಡು ಹೋಗುವಾಗ ನಾನು ಕೇಳಿದೆ, ಆ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದಲ್ಲವೇ ಎಂದು. ಮೇಷ್ಟ್ರು ದಾರಿಯಲ್ಲೇ ನಿಂತರು. ಮದುವೆಮನೆಯಲ್ಲಿ, ಹೆಂಗಸರ ಮುಂದೆ, ಊಟಕ್ಕೆ ಕೂತವರಿಗೆ, ನಾಳೆ ನೀವು ಹೋಗುವುದು ಕೆಂಪಾಗಿರುತ್ತದೆ ಎನ್ನುವುದೇ? ಯಾರಾದರೂ ಎಲೆಯ ಮುಂದೆ ಉಳಿಯುತ್ತಾರೆಯೇ? ಊಟ ಆದ ಮೇಲೆ ಹೇಳೋಣ ಎಂದರು. ನನಗೂ ಅದೇ ಸರಿ ಎನ್ನಿಸಿತು. ಈಗ ಎಷ್ಟು ಸಲ ಯೋಚಿಸಿದರೂ, ಆ ಊರಿನಲ್ಲಿ ಮರ್ಯಾದೆಯಿದ್ದ ಇಬ್ಬರು ಬೇರೇನು ಮಾಡಬಹುದಿತ್ತು ಎಂದು ಹೊಳೆಯುವುದಿಲ್ಲ.

ಮದುವೆಯ ದಿನ ಮೇಷ್ಟ್ರು ಬೆಳಿಗ್ಗೆಯಿಂದ ಒಲೆಯ ಮುಂದಿನಿಂದ ಕದಲಲಿಲ್ಲ. ಬಾಲ ಕತ್ತರಿಸಲು ಬಂದ ಹೆಂಗಸರ ಕೈಯಿಂದ ಈಳಿಗೆಮಣೆಯನ್ನೇ ಕಿತ್ತುಕೊಂಡು ತಾವು ಅದರ ಮೇಲೆ ಕೂತರಂತೆ. ಊಟದ ಪಂಕ್ತಿ ಕೂತಿತು. ಎಲೆಯ ತುದಿಗೆ ಬಿದ್ದ ಪಲ್ಯದಿಂದ ಕೆಂಪು ಇಳಿದು ಅನ್ನದ ಕಡೆ ಹೊರಟಿತು. ಯಾರೂ ಮುಟ್ಟಲಿಲ್ಲ. ಎಲ್ಲರೂ ಗಂಡಿನ ಅಜ್ಜನ ಕಡೆ ನೋಡುತ್ತಿದ್ದರು. ಬಿಳಿಮೀಸೆಯ ಭಾರೀ ಆಳು. ಅವರು ಒಪ್ಪಿದರೆ ದಿಬ್ಬಣವೆಲ್ಲ ಒಪ್ಪಿದ ಹಾಗೆ. ಅವರು ಒಂದು ತುಂಡನ್ನು ಬೆರಳಿನಲ್ಲಿ ಹಿಡಿದು ಬಿಸಿಲಿಗೆ ನೋಡಿದರು. ಬಾಯಿಗೆ ಹಾಕಿಕೊಂಡರು. ಮೇಷ್ಟ್ರು ಚಪ್ಪರದ ಕಂಬದ ಹಿಂದೆ ನಿಂತು ತಮ್ಮ ಕೋಟಿನ ಜೇಬುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಇದೆಂತ, ಸೀ ಉಂಟಲ್ಲ" ಎಂದರು ಅಜ್ಜ. "ತಾ ಇನ್ನೊಂಚೂರು."

ಅಜ್ಜ ಮೂರು ಸಲ ಬಡಿಸಿಕೊಂಡರು. ಅವರನ್ನು ನೋಡಿ ಪಂಕ್ತಿಯೆಲ್ಲ ಬಡಿಸಿಕೊಂಡಿತು. ಕಂಬದ ಹಿಂದೆ ಮೇಷ್ಟ್ರು ಅತ್ತರು. ಹೊಗೆ ಎಂದರು.

ಊಟವಾದ ಮೇಲೆ ಹೇಳಲು ಹೋದೆವು. ಅಜ್ಜ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಅಂಗಳಕ್ಕೆ ಕೆಂಪಗೆ ಉಗುಳುತ್ತ ಕೂತಿದ್ದರು. ಬಾಯಿಂದ ಬರುವ ಕೆಂಪಿಗೆ ಯಾರೂ ಹೆದರದ ಸೀಮೆ ಅದು. ಸುತ್ತ ಹೆಂಗಸರು. ಮೇಷ್ಟ್ರು ಬಗ್ಗಿ, "ಯಜಮಾನ್ರೇ, ನಾಳೆ ಬೆಳಿಗ್ಗೆ ತಾವು..." ಎಂದರು. ನಾಳೆ ಬೆಳಿಗ್ಗೆ ಹೊರಡುವುದೇ ಎಂದರು ಅಜ್ಜ. ಹೊರಡುವುದಲ್ಲ, ಅದಕ್ಕಿಂತ ಮುಂಚೆ ಎಂದರು ಮೇಷ್ಟ್ರು. ಮುಂಚೆ ಕಾಫಿ ಎಂದರು ಅಜ್ಜ. ಮೇಷ್ಟ್ರು ನನ್ನ ಕಡೆ ನೋಡಿದರು, ನಾನು ಅಡಿಕೆ ತಟ್ಟೆಯ ಕಡೆ ನೋಡಿದೆ. ಅಲ್ಲಿಗೆ ಮುಗಿಯಿತು.

ಮರುದಿನ ನಸುಕಿನಲ್ಲೇ, ಬಯಲಿಗೆ ಹೋದವರಿಗೂ ಏನೂ ಕಾಣದ ಕತ್ತಲಲ್ಲಿ, ಗಾಡಿ ಕಟ್ಟಿದರು. ಬಿಸಿಲು ಬರುವ ಹೊತ್ತಿಗೆ ದಿಬ್ಬಣ ದೋಣಿ ಹತ್ತಿತ್ತು. ಸುಮಾರು ನಲವತ್ತು ಜನ. ಹೆಣ್ಣಿನ ಕಡೆಯಿಂದ ಮೇಷ್ಟ್ರೂ ನಾನೂ. ಮೇಷ್ಟ್ರು ಗೌರಿಗೆ ಉಡುಗೊರೆಯಾಗಿ ಮಿಕ್ಕ ಬೀಟ್‌ರೂಟುಗಳನ್ನೆಲ್ಲ ಮರಳಿನ ಪೆಟ್ಟಿಗೆ ಸಮೇತ ಕೊಟ್ಟಿದ್ದರು. ಅತ್ತೆಗೆ ತಾವೇ ಕ್ರಮ ವಿವರಿಸಿ ಒಪ್ಪಿಸಬೇಕೆಂದು ಹೊರಟಿದ್ದರು. ನಾಲ್ಕು ಜನ ಹಿಡಿದು ಹತ್ತಿಸಿದ ಪೆಟ್ಟಿಗೆ. ದೋಣಿ ನಡೆಸುವ ಸಾಬರು, ಹೆಣ್ಣು ಕಳಿಸ್ತಿದೀರೋ ಹೊಳೆದಂಡೆ ಕಳಿಸ್ತಿದೀರೋ ಎಂದು ಗೊಣಗಿದರು. ಪೆಟ್ಟಿಗೆ ಎಡಮಗ್ಗುಲಿಗೆ ಕೂತಿತು, ಅದರ ಮೇಲೆ ಮೇಷ್ಟ್ರು ಕೂತರು, ಪಕ್ಕದಲ್ಲಿ ಗೌರಿ. ಮದುಮಗಳು ಗಂಡನ ಮನೆಯ ಹೊಸ್ತಿಲು ದಾಟುವ ತನಕ ತಲೆ ಎತ್ತಬಾರದು, ಮಾತಾಡಬಾರದು. ಅವಳು ಎರಡು ದಿನದಿಂದ ತನ್ನ ಕಾಲಬೆರಳನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ನಡುನೀರಿಗೆ ಬಂದೆವು. ಮುಳುಗಿದ ಮರಗಳ ಒಣತುದಿಗಳು ಅಲ್ಲಲ್ಲಿ ನೀರಿನಿಂದ ಮೇಲೆ ಎದ್ದಿದ್ದವು. ನಮ್ಮ ಅಡಿಯಲ್ಲಿ ಎಲ್ಲೋ ತಿಮ್ಮಣ್ಣನ ಹಳೆಯ ಗದ್ದೆ. ಅಜ್ಜ ಎದ್ದು ನಿಂತರು. ಕಾಫಿ ಕುಡಿದದ್ದು ಎರಡು ಲೋಟ, ದಡ ಇನ್ನೂ ದೂರ. ಬಲಮಗ್ಗುಲಿಗೆ ಹೋದರು. ಮರ್ಯಾದೆಗೆ ಒಬ್ಬ ಮೊಮ್ಮಗ ಮದುವೆಯ ಛತ್ರಿ ಬಿಚ್ಚಿ ಹೆಂಗಸರ ಕಡೆಗೆ ಮರೆ ಹಿಡಿದ. ನಾನು ಮರದ ತುದಿಯ ಮೇಲೆ ಕೂತ ನೀರುಕಾಗೆಯನ್ನು ನೋಡುತ್ತಿದ್ದೆ.

"ರಕ್ತ" ಎಂದರು ಅಜ್ಜ.

ಕೂಗಲಿಲ್ಲ. ಹೊಸ ಸುದ್ದಿಯೊಂದನ್ನು ತಮಗೆ ತಾವೇ ಹೇಳಿಕೊಂಡ ಹಾಗಿತ್ತು. ಛತ್ರಿ ಹಿಡಿದವನು ಇಣುಕಿದ. ಅಯ್ಯಯ್ಯೋ ಎಂದ. ದೋಣಿಯಲ್ಲಿದ್ದವರೆಲ್ಲ ಎದ್ದರು. ಮಗ, ಮೊಮ್ಮಕ್ಕಳು, ಸೋದರತ್ತೆಯರು, ವಾಲಗದವರು, ಎಲ್ಲರೂ ಬಲಮಗ್ಗುಲಿಗೆ. ಬೆಳಗಿನ ಬಿಸಿಲಿನಲ್ಲಿ ಅದು ಕೆಂಪು ನೂಲಿನ ಹಾಗೆ ಇಳಿಯುತ್ತಿತ್ತು. ಅದನ್ನು ನಾನು ಇಷ್ಟು ಸರಿಯಾಗಿ ವರ್ಣಿಸಬಲ್ಲೆ, ಯಾಕೆಂದರೆ ನಾನೂ ಓಡಿದ್ದೆ. ಎರಡು ವರ್ಷದಿಂದ ಕಾರಣ ಗೊತ್ತಿದ್ದ ನಾನು, ರಸಾಯನಶಾಸ್ತ್ರ ಓದಿದ ನಾನು, ಒಂದು ಮಾತು ಹೇಳಿದ್ದರೆ ಸಾಕಾಗಿದ್ದ ನಾನು, ಮುಂದಿದ್ದವರ ಹೆಗಲ ಮೇಲೆ ಕೈಯಿಟ್ಟು ಕತ್ತು ಚಾಚಿದೆ.

ದೋಣಿ ವಾಲಿತು. ಮೊದಲು ಮೆಲ್ಲಗೆ, ಯಾರೋ ತೊಟ್ಟಿಲು ತೂಗಿದ ಹಾಗೆ. ಆಮೇಲೆ ಬಲ ಅಂಚು ನೀರಿಗೆ ತಾಗಿ, ತಣ್ಣಗಿನ ನೀರು ನನ್ನ ಪಾದದ ಮೇಲೆ ಬಂತು. ಸಾಬರು ಕೂರಿ ಕೂರಿ ಎಂದು ಅರಚುತ್ತಿದ್ದರು. ಕೂರಲು ಜಾಗವಿರಲಿಲ್ಲ, ಎಲ್ಲರೂ ಎಲ್ಲರ ಮೇಲೂ ಇದ್ದರು. ತಿರುಗಿ ನೋಡಿದೆ. ಎತ್ತರಕ್ಕೆದ್ದ ಎಡಮಗ್ಗುಲಿನಲ್ಲಿ ಇಬ್ಬರೇ. ತಲೆ ಬಗ್ಗಿಸಿದ ಗೌರಿ, ಪೆಟ್ಟಿಗೆಯ ಮೇಲೆ ಮೇಷ್ಟ್ರು. ಪೆಟ್ಟಿಗೆ ನಮ್ಮ ಕಡೆಗೆ ಒಂದು ಗೇಣು ಜಾರಿತ್ತು. ಅದೂ ಬಂದರೆ ಮುಗಿಯಿತು. ಮೇಷ್ಟ್ರಿಗೆ ಈಜು ಬರುತ್ತಿರಲಿಲ್ಲ. ಅಲ್ಲಿದ್ದ ಅರ್ಧ ಜನಕ್ಕೆ ಬರುತ್ತಿರಲಿಲ್ಲ.

ಮೇಷ್ಟ್ರು ಎದ್ದರು. ಒಂದು ಕಾಲನ್ನು ಪೆಟ್ಟಿಗೆಗೆ ಒತ್ತಿ ತಡೆಕೊಟ್ಟು, ನಮಗೆ ಬೆನ್ನು ಮಾಡಿ, ಆಚೆ ನೀರಿಗೆ ಮುಖ ಮಾಡಿ, ಪಂಚೆಗೆ ಕೈಹಾಕಿದರು.

"ಇಲ್ಲೂ ನೋಡ್ರಪ್ಪಾ! ನನಗೂ ರಕ್ತ!"

ಕೆಲವರು ತಿರುಗಿದರು. ತಿರುಗಿದರೇ ಹೊರತು ಕದಲಲಿಲ್ಲ. ಮೇಷ್ಟ್ರ ರಕ್ತಕ್ಕೂ ಗಂಡಿನ ಅಜ್ಜನ ರಕ್ತಕ್ಕೂ ಎಲ್ಲಿಯ ಸಮ? ದೋಣಿ ಇನ್ನೂ ಅರ್ಧ ಗೇಣು ಇಳಿಯಿತು.

ಆಗ ಗೌರಿ ಮಾತಾಡಿದಳು.

"ಹೌದು. ನಾ ನೋಡ್ದೆ. ಕೆಂಪೇ."

ಮದುಮಗಳು ಮಾತಾಡಿದಳು ಎನ್ನುವುದಕ್ಕಿಂತ, ಏನನ್ನು ನೋಡಿ ಮಾತಾಡಿದಳು ಎನ್ನುವುದು ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಗಂಡಿನ ಸೋದರತ್ತೆಯರು ನಾಲ್ವರು, ಭಾರೀ ಹೆಂಗಸರು, ಒಂದೇ ಏಟಿಗೆ ಎಡಮಗ್ಗುಲಿಗೆ ನುಗ್ಗಿದರು. ಒಬ್ಬಳು ಗೌರಿಯ ಕಣ್ಣು ಮುಚ್ಚಿದಳು, ಒಬ್ಬಳು ಬಾಯಿ ಮುಚ್ಚಿದಳು, ಇನ್ನಿಬ್ಬರು ಮೇಷ್ಟ್ರಿಗೂ ಅವಳಿಗೂ ನಡುವೆ ಸೆರಗು ಹಿಡಿದು ಗೋಡೆಯಾದರು. ಅವರ ಹಿಂದೆ ಮದುಮಗ ಬಂದ. ಅವನ ಹಿಂದೆ ಅವನ ಸ್ನೇಹಿತರು. ದೋಣಿ ಒಂದು ಸಲ ನಿಟ್ಟುಸಿರು ಬಿಟ್ಟ ಹಾಗೆ ಮಾಡಿ ಸಮಕ್ಕೆ ಬಂತು.

"ಹೆಂಗಸ್ರು ಆ ಕಡೆಗೇ ಇರಿ, ಗಂಡಸ್ರು ಈ ಕಡೆ" ಎಂದರು ಸಾಬರು. "ಯಾರ ರಕ್ತ ಆದ್ರೂ ದಡದಲ್ಲಿ ನೋಡ್ಕಳಿ."

ಆಮೇಲೆ ಮದುಮಗನ ಚಿಕ್ಕಪ್ಪ ಮೇಷ್ಟ್ರ ಕೋಟಿನ ಕಾಲರು ಹಿಡಿದ. ಎಂಥ ವಿಷ ಹಾಕಿದೆ ಹೇಳು, ಇಲ್ಲದಿದ್ದರೆ ಇಲ್ಲೇ ನೀರಿಗೆ ಹಾಕುತ್ತೇನೆ ಎಂದ. ಹಾಕುವವನೇ. ಮೇಷ್ಟ್ರು ಕೊರಳು ಹಿಡಿಸಿಕೊಂಡೇ ಗಡ್ಡೆಯ ಬಣ್ಣದ ವಿಷಯ ಹೇಳಿದರು, ಹುಳಿಯ ವಿಷಯವನ್ನೂ. ಯಾರೂ ನಂಬಲಿಲ್ಲ. ನಾನು ದೋಣಿಗೆ ಬಂದ ನೀರನ್ನು ಬೊಗಸೆಯಲ್ಲಿ ಎತ್ತಿ ಹೊರಗೆ ಹಾಕುತ್ತಿದ್ದೆ. ಅಜ್ಜ ಮಾತ್ರ ಕೇಳಿದರು.

"ನಿಮಗೂ ಬಂತು ಅಂದ್ರಲ್ಲ. ನೀವು ಎಷ್ಟು ಸಲ ಬಡಿಸ್ಕಂಡ್ರಿ?"

"ಒಂದು ಸಲ, ಯಜಮಾನ್ರೇ."

"ನಾ ಮೂರು ಸಲ" ಎಂದರು ಅಜ್ಜ. ಸ್ವಲ್ಪ ಯೋಚಿಸಿದರು. "ಅದಕ್ಕೇ ನಂದು ಜಾಸ್ತಿ. ಬಿಡೋ ಅವರನ್ನ. ಅವರೂ ತಿಂದಿದಾರೆ."

ಹೊಳೆಬಾಗಿಲಿನ ದಡದಲ್ಲಿ ಇಳಿದದ್ದೇ ದಿಬ್ಬಣದ ಗಂಡಸರೆಲ್ಲ ಪೊದೆಗಳ ಉದ್ದಕ್ಕೂ ಸಾಲಾಗಿ ನಿಂತರು. ಏಳು ಜನರದ್ದು ಕೆಂಪು. ಅವರು ಮೊದಲು ಹೆದರಿ, ಆಮೇಲೆ ಹೆಮ್ಮೆಪಟ್ಟುಕೊಂಡರು. ಬರದವರು ಮುಖ ಸಪ್ಪೆ ಮಾಡಿಕೊಂಡರು. ನಮಗೆ ಪಲ್ಯ ಕಡಿಮೆ ಬಡಿಸಿದ್ದಾರೆ ಎಂದು ಮದುಮಗನ ಚಿಕ್ಕಪ್ಪ ಹೆಣ್ಣಿನ ಕಡೆಯವರ ಮೇಲೆ ಹೊಸ ತಕರಾರು ತೆಗೆದ.

ನಾನು ಮೇಷ್ಟ್ರನ್ನು ಹುಡುಕಿಕೊಂಡು ಹೋದೆ. ದೂರದ ಮತ್ತಿಮರದ ಹಿಂದೆ ಒಬ್ಬರೇ ನಿಂತಿದ್ದರು. ನನ್ನನ್ನು ಕಂಡು ಪಂಚೆ ಸರಿಮಾಡಿಕೊಂಡರು. ಕೆಳಗೆ ನೆಲದ ಮೇಲೆ ಆಗಿದ್ದದ್ದು ನೀರಿನಷ್ಟು ತಿಳಿ.

"ನನಗೆ ಬರಲ್ಲ ಕಣ್ರೀ, ಬಿಎಸ್ಸಿ" ಎಂದರು. "ಮೂವತ್ತು ವರ್ಷದಿಂದ ತಿಂತಿದೀನಿ. ಒಂದು ದಿನವೂ ಬಂದಿಲ್ಲ. ನಾನು ಇರೋ ತನಕ ಯಾರಿಗೂ ಹೇಳಬೇಡಿ. ನನಗೂ ಬಂತು ಅಂತಲೇ ಅವರು ನಂಬಿದ್ದು, ಸುಳ್ಳು ಅಂತ ಗೊತ್ತಾದರೆ ಇನ್ನು ಯಾರೂ ಪಲ್ಯ ತಿನ್ನಲ್ಲ."

ನೀವು ಯಾಕೆ ಓಡಿದಿರಿ ಎಂದು ಅವರು ನನ್ನನ್ನು ಕೇಳಲಿಲ್ಲ. ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಕೇಳಿದ್ದರೆ ಒಂದು ಉತ್ತರ ಕಟ್ಟಿ ಇಟ್ಟುಕೊಂಡಿದ್ದೆ. ಅವರು ನಿವೃತ್ತರಾಗುವ ತನಕ ನಾವು ಅದೇ ದೋಣಿಯಲ್ಲಿ ಎಷ್ಟೋ ಸಲ ದಾಟಿದೆವು. ಹತ್ತಿದ ಕೂಡಲೇ ಅವರು ಎಡಜೇಬಿನ ಬೀಟ್‌ರೂಟನ್ನು ತೆಗೆದು ನನ್ನ ಕೈಗೆ ಕೊಟ್ಟು, ಎದುರು ಮಗ್ಗುಲಿಗೆ ಹೋಗಿ ಕೂರುತ್ತಿದ್ದರು. ಅದು ನಿಮ್ಮ ಕಡೆಯದು ಎನ್ನುತ್ತಿದ್ದರು. ನಾನು ಅದನ್ನು ದಡ ಬರುವ ತನಕ ಎರಡೂ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದೆ.

ಅವರ ತಮ್ಮನ ಮಗನಿಗೆ ಉತ್ತರ ಬರೆದೆ. ಮರಳಿನಲ್ಲಿರುವುದನ್ನು ತೆಗೆದು, ಬಾಲ ಕತ್ತರಿಸದೆ ಬೇಯಿಸಿ, ಚುಚ್ಚದೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಹದಿಮೂರನೆಯ ದಿನ ಬಡಿಸಬೇಕೆಂದು. ಮರುದಿನ ಏನಾದರೂ ಕಂಡರೆ ಹೆದರಬಾರದೆಂದೂ, ಅದನ್ನು ಊಟಕ್ಕೆ ಮುಂಚೆಯೇ ಎಲ್ಲರಿಗೂ ಹೇಳಬೇಕೆಂದೂ ಬರೆದು ಕೆಳಗೆ ಗೆರೆ ಎಳೆದೆ. ಆಮೇಲೆ ಹೊಸನಗರದ ಮೇಲೆ ಹೋಗುವ ಬಸ್ಸು ಹಿಡಿದು ತೀರ್ಥಹಳ್ಳಿಗೆ ಹೋದೆ, ಗೌರಿಗೆ ಸುದ್ದಿ ಹೇಳಲು.

ಅವಳ ಕಂಕುಳಲ್ಲಿ ಒಂದು ಮಗುವಿತ್ತು. ಸುದ್ದಿ ಕೇಳಿ ಮಗುವನ್ನು ಅತ್ತೆಗೆ ಕೊಟ್ಟು ಒಳಗಿನಿಂದ ಒಂದು ಪೆಟ್ಟಿಗೆಯನ್ನು ಜಗಲಿಯ ಆ ತುದಿಗೆ ಎಳೆದುಕೊಂಡು ಬಂದಳು. ಅದೇ ಪೆಟ್ಟಿಗೆ. ಹಿತ್ತಿಲಲ್ಲಿ ಬೆಳೆದದ್ದನ್ನು ಬೆಳಿಗ್ಗೆ ಕಿತ್ತಿದ್ದಳಂತೆ. ಸೊಪ್ಪು ತಿರುಚಿ ತೆಗೆದು ಒಂದೊಂದಾಗಿ ಮರಳಿಗೆ ಇಡತೊಡಗಿದಳು. ಜಗಲಿಯ ಈ ತುದಿಯಲ್ಲಿ ಅಜ್ಜ, ಅವಳ ಅತ್ತೆ, ಮಗು, ಅಕ್ಕಪಕ್ಕದವರು ಇಬ್ಬರು, ನಾನು. ಅಜ್ಜ ತಮ್ಮ ಮೂರು ಸಲದ ಕಥೆಯನ್ನು ಹೇಳುತ್ತಿದ್ದರು. ಅದು ಈಗ ಐದು ಸಲವಾಗಿದೆ.

ಎಲ್ಲರೂ ಅಜ್ಜನ ಮಾತಿಗೆ ಕಿವಿ ಕೊಟ್ಟಿದ್ದಾಗ ನಾನು ಕೂತಲ್ಲಿಂದಲೇ ಆ ತುದಿಗೆ ತಿರುಗಿ ಗೌರಿಯನ್ನು ಕೇಳಿದೆ. ಮೂರು ವರ್ಷದಿಂದ ಕೇಳಬೇಕೆಂದಿದ್ದ ಪ್ರಶ್ನೆ. ಮೇಷ್ಟ್ರದ್ದು ಕೆಂಪಾಗಿರಲಿಲ್ಲವಲ್ಲ, ನೀನು ನೋಡಿದ್ದಾದರೂ ಏನು ಎಂದು.

"ಎಂತ ಸಾರ್ ನೀವು" ಎಂದಳು. ನಗು ಬಂದು ಕಣ್ಣು ಒರೆಸಿಕೊಂಡಳು. "ಮದುಮಗಳು ತಲೆ ಎತ್ತೂದುಂಟಾ? ನಂಗೆ ಕಂಡದ್ದು ಮೇಷ್ಟ್ರ ಒಂದು ಕಾಲು. ಅದು ನಡುಗ್ತಿತ್ತು."

"ಮತ್ತೆ ಯಾಕೆ ಹಾಗಂದೆ?"

ಅವಳು ಎರಡು ಗಡ್ಡೆಗಳ ನಡುವೆ ಬೆರಳು ತೂರಿಸಿ, ತಾಗಿಲ್ಲವೆಂದು ನೋಡಿಕೊಂಡು, ಮರಳು ಎಳೆದಳು.

"ಆ ಕಡೆ ಅವರೊಬ್ರೇ ಇದ್ರಲ್ಲ ಸಾರ್."

ಅಜ್ಜ ಕಥೆಯಲ್ಲಿ ಛತ್ರಿಯ ತನಕ ಬಂದಿದ್ದರು. ಎಲ್ಲರೂ ಅವರ ಕಡೆಗೆ ಬಾಗಿದ್ದರು. ನಾನು ಎದ್ದು, ಜಗಲಿಯ ಆ ತುದಿಗೆ ಹೋಗಿ, ಪೆಟ್ಟಿಗೆಯ ಪಕ್ಕ ಕೂತೆ.